ಬಾಗಿದ ಫಿನ್ ಅಲಗು ನೇರವಾದದ್ದು

ಈಜಲು, ಡೈವಿಂಗ್‌ಗೆ ಪಾದಕ್ಕೆ ತೊಡುವ ಫಿನ್‌ಗಳನ್ನು ತುದಿಯ ಮೇಲೆ ಗೋಡೆಗೆ ಒರಗಿಸಿಟ್ಟರೆ, ಮುಂದಕ್ಕೆ ಚಾಚಿದ ಚಪ್ಪಟೆ ಪ್ಲಾಸ್ಟಿಕ್ ಅಲಗು ತನ್ನ ಭಾರಕ್ಕೇ ನಿಧಾನವಾಗಿ ಬಾಗುತ್ತದೆ. ಸಂಗ್ರಹದ ಒಂದು ಫಿನ್ನಿನ ತುದಿ ಎರಡು ಬೆರಳಷ್ಟು ಮೇಲೆದ್ದಿತ್ತು. ಕೆಲವು ಅಲಗುಗಳಿಗೆ ತಯಾರಿಕೆಯಲ್ಲೇ ಕೋನ ಇರುತ್ತದೆ, ಹಾಗಾಗಿ ಜೊತೆಯದರ ಪಕ್ಕ ಇಟ್ಟು ನೋಡಿಯೇ ಕೈಹಾಕಿದೆ.

ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಅಲಗನ್ನಷ್ಟೇ 10 ನಿಮಿಷ ಮುಳುಗಿಸಿದೆ. ಕುದಿಯುವ ನೀರು ಬೇಡವೇ ಬೇಡ. ಪಾದದ ರಬ್ಬರ್ ಹೊರಗಿರಲಿ, ಅಂಟಿನ ಜೋಡಣೆಯಿದ್ದರೆ ಬಿಸಿಗೆ ಸಡಿಲವಾದೀತು. ಮೆತ್ತಗಾದ ಕೂಡಲೇ ಎರಡು ಹಲಗೆಗಳ ನಡುವೆ ಇಟ್ಟು, 5 ಕಿಲೋ ಭಾರ ಹೇರಿ, ರಾತ್ರಿಯಿಡೀ ಬಿಟ್ಟೆ. ಭಾರ ಎರಡೂ ಅಂಚಿನ ಏಣುಗಳ ಮೇಲೆ ಸಮನಾಗಿ ಬೀಳಬೇಕು, ಇಲ್ಲದಿದ್ದರೆ ಅಲಗು ತಿರುಚಿಕೊಳ್ಳುತ್ತದೆ. ಉಳಿದ ಚೂರು ಬಾಗು ಎರಡನೇ ಸಲಕ್ಕೆ ಹೋಯಿತು.

ಕಾರ್ಬನ್, ಫೈಬರ್‌ಗ್ಲಾಸ್ ಅಲಗುಗಳಿಗೆ ಈ ಉಪಾಯ ನಡೆಯದು. ಈಗ ಎಲ್ಲವನ್ನೂ ಮಲಗಿಸಿಯೇ ಇಡುತ್ತೇನೆ, ಪಾದ ತೂರಿಸುವ ಗೂಡಿನ ಆಕಾರ ಕೆಡದಂತೆ ಅದರೊಳಗಿರುವ ಪ್ಲಾಸ್ಟಿಕ್ ಅಚ್ಚು ತೆಗೆಯದೆ.