ಪೂರ್ವ ಆಫ್ರಿಕಾದ ಮಿಷನ್‌ಗೆ ಹೊರಟ ಕೊಡಗಿನವರು ತಿಳಿದಿರಬೇಕಾದದ್ದು

ಸಿಸ್ಟರ್ ಆಗಿರಲಿ, ನರ್ಸ್ ಆಗಿರಲಿ, ಎರಡು ವರ್ಷ ಪಾಠ ಹೇಳಿ ಬರೋಣವೆಂದು ಹೊರಟ ಮೇಷ್ಟ್ರಾಗಿರಲಿ, ಟಾಂಜಾನಿಯಾ, ಕೀನ್ಯಾ, ಉಗಾಂಡಾ ಕಡೆಗೆ ಮಿಷನ್ ಕೆಲಸಕ್ಕೆ ಹೋಗುವವರನ್ನು ಕಂಗೆಡಿಸುವುದು ಕಾಡುಪ್ರಾಣಿಗಳಲ್ಲ. ಆನೆ ಕಾಟ ನಮಗೇನು ಹೊಸದೇ? ಕಂಗೆಡಿಸುವುದು ಕಾಗದಪತ್ರ, ಜ್ವರ, ಒಗೆದು ಹಾಕಿದ ಬಟ್ಟೆ, ಮನೆಗೆ ಸಿಗದ ಫೋನು. ಇದರಲ್ಲಿ ಅರ್ಧವನ್ನು ಊರು ಬಿಡುವ ಮೊದಲೇ ಸರಿಮಾಡಿಕೊಳ್ಳಬಹುದು.

ಹೊರಡುವ ಮುಂಚೆ

ಟೂರಿಸ್ಟ್ ವೀಸಾದಲ್ಲಿ ಹೋಗಿ ಆಮೇಲೆ ನೋಡಿಕೊಳ್ಳೋಣ ಎನ್ನುವವರ ಮಾತು ಕೇಳಬೇಡಿ. ಸಂಬಳವಿಲ್ಲದ ಸೇವೆಯೂ ಅಲ್ಲಿನ ಕಾನೂನಿನ ಪ್ರಕಾರ ಕೆಲಸವೇ. ಮಿಷನರಿಗಳಿಗೆ ಟಾಂಜಾನಿಯಾದಲ್ಲಿ ‘ಸಿ’ ವರ್ಗದ, ಕೀನ್ಯಾದಲ್ಲಿ ‘ಐ’ ವರ್ಗದ ಪರ್ಮಿಟ್ ಬೇಕು. ನರ್ಸ್‌ಗಳಿಗೆ ಅಲ್ಲಿನ ನರ್ಸಿಂಗ್ ಕೌನ್ಸಿಲ್‌ನ ನೋಂದಣಿಯೂ ಬೇಕು. ಹೆಚ್ಚಿನ ಅರ್ಜಿಗಳು ಸಿಕ್ಕಿಕೊಳ್ಳುವುದು ಹೆಸರಿನಲ್ಲಿ: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಪೂರ್ತಿ ಮನೆತನದ ಹೆಸರು, ಜ್ಞಾನಸ್ನಾನದ ಪ್ರಮಾಣಪತ್ರದಲ್ಲಿ ಮೂರನೆಯದೇ ಒಂದು. ಮೂರೂ ಒಬ್ಬರದೇ ಎಂದು ನೋಟರಿ ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ.

ಹಳದಿ ಜ್ವರದ ಲಸಿಕೆ ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ. ಅದಕ್ಕಾಗಿ ಬೆಂಗಳೂರಿನಂಥ ಊರಿಗೆ ಹೋಗಲೇಬೇಕು. ಚುಚ್ಚಿಸಿಕೊಂಡ 10 ದಿನದ ನಂತರವಷ್ಟೇ ಪ್ರಮಾಣಪತ್ರ ಊರ್ಜಿತವಾಗುವುದರಿಂದ ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಸಾಕು. ಪ್ರಮಾಣಪತ್ರದ ಆ ಹಳದಿ ಪುಸ್ತಕ ಇಲ್ಲದೆ ಕೀನ್ಯಾ, ಉಗಾಂಡಾದಿಂದ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ 6 ದಿನದವರೆಗೆ ಕ್ವಾರಂಟೈನ್ ಮಾಡಬಹುದು. ಪಾಸ್‌ಪೋರ್ಟಿನ ಕವರಿನೊಳಗೇ ಇಡಿ.

ಡಾಲರ್ ತೆಗೆದುಕೊಳ್ಳುವಾಗ ಹೊಸ ನೋಟುಗಳನ್ನೇ ಕೇಳಿ. ಹರಿದ, ಗೀಚಿದ, ತೀರಾ ಹಳೆಯ ವರ್ಷದ ನೋಟುಗಳನ್ನು ಅಲ್ಲಿ ಮುಟ್ಟುವುದಿಲ್ಲ. ದಿನದ ಖರ್ಚೆಲ್ಲ ಎಂ-ಪೆಸಾದಂಥ ಮೊಬೈಲ್ ಹಣದಲ್ಲೇ ನಡೆಯುತ್ತದೆ, ಸಿಮ್ಮಿಗೆ ಪಾಸ್‌ಪೋರ್ಟ್ ತೋರಿಸಬೇಕು. ಪ್ಲಾಸ್ಟಿಕ್ ಕೈಚೀಲಗಳನ್ನು ಕೀನ್ಯಾ 2017ರಲ್ಲಿ, ಟಾಂಜಾನಿಯಾ 2019ರಲ್ಲಿ ನಿಷೇಧಿಸಿವೆ. ಆದ್ದರಿಂದ ಅಕ್ಕಿತರಿ, ಮೆಣಸಿನಪುಡಿಯನ್ನು ಬಟ್ಟೆಯ ಚೀಲದಲ್ಲೋ ಡಬ್ಬಿಯಲ್ಲೋ ತುಂಬಿಸಿ. ಕಾಚಂಪುಳಿ (ಅಡುಗೆಗೆ ಹಾಕುವ ನಮ್ಮ ಕಪ್ಪು ಹುಳಿ) ಇಲ್ಲದೆ ಆಗದು ಎನ್ನುವವರು ಗಾಜಿನ ಬಾಟಲಿ ಬಿಟ್ಟು, ತಿರುಪು ಮುಚ್ಚಳದ ಗಟ್ಟಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಮುಕ್ಕಾಲು ಭಾಗ ಮಾತ್ರ ತುಂಬಿಸಿ, ಮುಚ್ಚಳಕ್ಕೆ ಟೇಪ್ ಸುತ್ತಿ ಚೆಕ್-ಇನ್ ಲಗೇಜಿಗೆ ಹಾಕಿ. ಸೋರಿದರೆ ಬಿಳಿ ಬಟ್ಟೆಯ ಕಥೆ ಮುಗಿದಂತೆ. ಮಿಷನ್ ಮನೆಯ ಅಡುಗೆಯವರು ಮುಸ್ಲಿಮರಾಗಿದ್ದರೆ ಪಂದಿಕರಿಯ (ಹಂದಿಮಾಂಸದ ಸಾರಿನ) ಆಸೆಯನ್ನು ಬದಿಗಿಡುವುದೇ ಮರ್ಯಾದೆ.

ಜ್ವರ

ನಮ್ಮ ಕಡೆಯ ಮೆಡಿಕಲ್ ಶಾಪಿನ ಕ್ಲೋರೋಕ್ವಿನ್ ಮಾತ್ರೆಯನ್ನು ನಂಬಿಕೊಂಡು ಹೋಗಬೇಡಿ. ಅಲ್ಲಿನ ಫಾಲ್ಸಿಪ್ಯಾರಮ್ ಮಲೇರಿಯಾಕ್ಕೆ ಅದು ನಾಟುವುದಿಲ್ಲ. ಮುಂಜಾಗ್ರತೆಗೆ ಡಾಕ್ಟರು ಡಾಕ್ಸಿಸೈಕ್ಲಿನ್ ಬರೆದುಕೊಟ್ಟರೆ ದಿನಕ್ಕೊಂದು 100 ಮಿ.ಗ್ರಾಂ. ಮಾತ್ರೆ. ಹೊರಡುವ ಒಂದೆರಡು ದಿನ ಮೊದಲು ಶುರುಮಾಡಿ, ಬಂದ ಮೇಲೂ 4 ವಾರ ಬಿಡದೆ ತೆಗೆದುಕೊಳ್ಳಬೇಕು. ಊಟದ ಜೊತೆ, ತುಂಬಿದ ಲೋಟ ನೀರಿನಲ್ಲಿ ನುಂಗಿ. ನುಂಗಿದ ಕೂಡಲೇ ಮಲಗಿದರೆ ಗಂಟಲ ನಾಳ ಸುಟ್ಟಂತಾಗುತ್ತದೆ. ಬಿಸಿಲಿಗೆ ಚರ್ಮ ಬೇಗ ಕೆಂಪಾಗುತ್ತದೆ, ಟೋಪಿ ಬೇಕೇಬೇಕು. ಗರ್ಭಿಣಿಯರಿಗೆ ಈ ಮಾತ್ರೆ ಬೇಡ. ವರ್ಷಗಟ್ಟಲೆ ಇರುವವರು ಮಾತ್ರೆ ನಿಲ್ಲಿಸಿಬಿಡುವುದುಂಟು. ಅಂಥವರಿಗೆ ಔಷಧಿ ಹಚ್ಚಿದ ಸೊಳ್ಳೆಪರದೆಯೇ ಗತಿ, ಅದನ್ನು ಹಾಸಿಗೆಯ ಕೆಳಗೆ ಸಿಕ್ಕಿಸದೆ ಮಲಗಬೇಡಿ.

ಜ್ವರ ಬಂದ ದಿನವೇ ಮಲೇರಿಯಾಕ್ಕೆ ರಕ್ತ ಪರೀಕ್ಷೆ. ಮೊದಲ ಕಿಟ್ ನೆಗೆಟಿವ್ ಬಂತೆಂದು ಸಮಾಧಾನಪಡಬೇಡಿ, ಜ್ವರ ಇಳಿಯದಿದ್ದರೆ ಮರುದಿನ ಮತ್ತೆ ಮಾಡಿಸಿ. ಮಲೇರಿಯಾ ಎಂದು ಗೊತ್ತಾದರೆ ದೊಡ್ಡವರಿಗೆ ಸಾಮಾನ್ಯವಾಗಿ ಕೊಡುವುದು ಆರ್ಟೆಮೀಥರ್-ಲುಮೆಫ್ಯಾಂಟ್ರಿನ್: ಒಂದು ಸಲಕ್ಕೆ 4 ಮಾತ್ರೆಯಂತೆ 3 ದಿನದಲ್ಲಿ 6 ಸಲ, ಒಟ್ಟು 24. ಎರಡನೆಯ ಸಲದ್ದು ಮೊದಲನೆಯದಾದ 8 ಗಂಟೆಗೆ. ಹಾಲು ಅಥವಾ ಜಿಡ್ಡಿನ ಊಟದ ಜೊತೆ ತೆಗೆದುಕೊಂಡರೆ ಮಾತ್ರ ಮೈಗೆ ಹತ್ತುತ್ತದೆ. ಎರಡನೇ ದಿನ ಹಾಯೆನಿಸಿತೆಂದು ಉಳಿದದ್ದನ್ನು ಡ್ರಾಯರಿಗೆ ಹಾಕುವವರೇ ಮತ್ತೆ ಮಲಗುವುದು.

ಬಟ್ಟೆ, ನೀರು, ಕಾಲು

ಹೊರಗೆ ಒಣಹಾಕಿದ ಬಟ್ಟೆಯ ಮೇಲೆ ಮ್ಯಾಂಗೋ ಫ್ಲೈ ಎಂಬ ನೊಣ ಮೊಟ್ಟೆಯಿಡುತ್ತದೆ. ತೊಟ್ಟಾಗ ಮರಿಹುಳು ಚರ್ಮದೊಳಗೆ ಸೇರಿ ಕುರುವಿನಂತೆ ಊದುತ್ತದೆ. ಅದಕ್ಕೇ ಒಳಬಟ್ಟೆ, ಟವೆಲ್, ಹಾಸು ಎಲ್ಲಕ್ಕೂ ಎರಡೂ ಬದಿಗೆ ಬಿಸಿ ಇಸ್ತ್ರಿ ಹಾಕಬೇಕು. ತಪ್ಪಿಹೋಗುವುದು ಹೊಲಿಗೆಯ ಸಾಲು ಮತ್ತು ಎಲಾಸ್ಟಿಕ್ಕಿನ ಮಡಿಕೆ. ಅಲ್ಲಿ ಇಸ್ತ್ರಿ ಪೆಟ್ಟಿಗೆಯನ್ನು ಒತ್ತಿ ಹಿಡಿಯಿರಿ. ಕರೆಂಟಿಲ್ಲದ ಕಡೆ ಇದ್ದಿಲಿನ ಪೆಟ್ಟಿಗೆ ಸಂತೆಯಲ್ಲಿ ಸಿಗುತ್ತದೆ.

ಕುಡಿಯುವ ನೀರು ಕೊತಕೊತ ಕುದಿದ ಮೇಲೆ ಇನ್ನೂ ಒಂದು ನಿಮಿಷ ಕುದಿಸಿ. ಸೌದೆ ಸಾಲದಿದ್ದರೆ 1-2 ಲೀಟರಿನ ಪಾರದರ್ಶಕ ಪೆಟ್ ಬಾಟಲಿಯಲ್ಲಿ ತಿಳಿನೀರು ತುಂಬಿಸಿ 6 ಗಂಟೆ ಸುಡುಬಿಸಿಲಿಗೆ ಇಡಿ, ಮೋಡವಿದ್ದರೆ 2 ದಿನ. ಕದಡಿದ ನೀರಿಗೆ ಈ ಉಪಾಯ ನಡೆಯದು. ಕಾವೇರಿಯಲ್ಲಿ ಈಜಿ ಬೆಳೆದವರಿಗೆ ವಿಕ್ಟೋರಿಯಾ ಸರೋವರ ಕಂಡರೆ ಕಾಲು ತಡೆಯುವುದಿಲ್ಲ, ಆದರೆ ಇಳಿಯಬೇಡಿ: ಬಸವನಹುಳುವಿನಿಂದ ಹೊರಬೀಳುವ ಬಿಲ್ಹಾರ್ಜಿಯಾ ಎಂಬ ರೋಗದ ಹುಳುವಿನ ಮರಿಗಳು ನೆನೆದ ಚರ್ಮದ ಮೂಲಕವೇ ಒಳಸೇರುತ್ತವೆ. ಬರಿಗಾಲಿನ ನಡಿಗೆಯೂ ಬೇಡ. ಜಿಗಣೆ ರಕ್ತ ಹೀರಿ ಉದುರಿಹೋಗುತ್ತದೆ, ಅಲ್ಲಿನ ಜಿಗ್ಗರ್ ಚಿಗಟ ಉಗುರಿನ ಸಂದಿಯಲ್ಲಿ ಹೊಕ್ಕು ಅಲ್ಲೇ ಮೊಟ್ಟೆಯಿಡುತ್ತದೆ.

ಕೆಲಸ ನಿಂತಾಗ, ಫೋನ್ ಸಿಗದಾಗ

ದೊಡ್ಡ ಮಳೆ ಅಲ್ಲಿ ಮಾರ್ಚ್‌ನಿಂದ ಮೇ. ನಮ್ಮಲ್ಲಿ ಬಿಸಿಲು ಎಂದುಕೊಂಡು ಏಪ್ರಿಲ್‌ನಲ್ಲಿ ಇಳಿದರೆ ಕೆಸರಿನ ರಸ್ತೆಯಲ್ಲಿ ಸಾಮಾನು ವಾರಗಟ್ಟಲೆ ಬರುವುದಿಲ್ಲ. ಟಾಂಜಾನಿಯಾದ ಹಳ್ಳಿಗಳಲ್ಲಿ ಬೆಳಿಗ್ಗೆ 7ನ್ನು ಒಂದನೇ ಗಂಟೆ ಎಂದು ಎಣಿಸುತ್ತಾರೆ. ಸಭೆ ‘ನಾಲ್ಕಕ್ಕೆ’ ಎಂದರೆ ಬೆಳಿಗ್ಗೆ 10ಕ್ಕೆ, ಖಚಿತಪಡಿಸಿಕೊಳ್ಳಿ. ಮೊದಲ ಆರು ತಿಂಗಳು ಹೊಸ ಯೋಜನೆ ಯಾವುದನ್ನೂ ಶುರುಮಾಡದಿರುವುದು ಒಳ್ಳೆಯದು. ಕಾಫಿ ಗೊತ್ತೆಂದು ಅಲ್ಲಿನ ರೈತರಿಗೆ ಪಾಠ ಹೇಳಹೊರಟರೆ ಮೊದಲು ಮುರಿಯುವುದು ವಿಶ್ವಾಸ. ಊರಿನಿಂದ ಹಳೆಬಟ್ಟೆಯ ಪೆಟ್ಟಿಗೆಗಳನ್ನು ತರಿಸಿಕೊಳ್ಳುವುದೂ ಬೇಡ, ಬಂದರಿನ ಶುಲ್ಕದಲ್ಲಿ ಅಲ್ಲೇ ಹೊಸದು ಕೊಳ್ಳಬಹುದು.

ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಅಲ್ಲಿ ಸಂಜೆ 5.30ಕ್ಕೆ ಕರೆದರೆ ಇಲ್ಲಿ ರಾತ್ರಿ 8. ಜೂನ್‌ನಿಂದ ಆಗಸ್ಟ್‌ವರೆಗೆ ಕೊಡಗಿನಲ್ಲಿ ಕರೆಂಟು, ಟವರ್ ಎರಡೂ ಕೈಕೊಡುತ್ತವೆ. 2018ರ ಆಗಸ್ಟ್‌ನಂಥ ಭೂಕುಸಿತವಾದರಂತೂ ಕೇಳುವುದೇ ಬೇಡ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಒಬ್ಬ ನೆಂಟರನ್ನು ಸುದ್ದಿ ಮುಟ್ಟಿಸಲು ಗೊತ್ತುಮಾಡಿ, ಅವರ ನಂಬರನ್ನು ಮಿಷನ್ ಮನೆಯಲ್ಲೂ ಬರೆದಿಡಿ.

ರಜೆಗೆ ಬಂದಾಗ

ಮಳೆಗಾಲದಲ್ಲಿ ಬಂದು ಜ್ವರ ಹಿಡಿದರೆ ಮಡಿಕೇರಿಯ ಡಾಕ್ಟರು ಮೊದಲು ಯೋಚಿಸುವುದು ವೈರಲ್, ಡೆಂಗಿ, ಇಲಿಜ್ವರ. ಕೂತ ಕೂಡಲೇ ಆಫ್ರಿಕಾದಿಂದ ಬಂದದ್ದು, ಯಾವ ದಿನ ಬಂದದ್ದು ಹೇಳಿ, ಮಲೇರಿಯಾಕ್ಕೆ ರಕ್ತ ನೋಡಿಸಿ. ಬಂದು ಮೂರು ತಿಂಗಳಾಗಿದ್ದರೂ ಹೇಳಿ.