ಕೂಗದೆ ತಾರ ಷಡ್ಜ ಮುಟ್ಟುವುದು ಕಲಿತದ್ದು ಹೀಗೆ

ಶ್ರಾವಣ ಬಂತೆಂದರೆ ನಮ್ಮ ರಾಯಚೂರಿನಲ್ಲಿ ಗುಡಿಗುಡಿಗೂ ಭಜನೆ. ಹಾರ್ಮೋನಿಯಂ ಹಿಡಿದವರು ತಮಗೆ ಅನುಕೂಲವಾದ ಶ್ರುತಿಗೆ ಶುರು ಮಾಡುತ್ತಾರೆ, ಉಳಿದವರು ಕೂಗಿ ಸೇರಿಕೊಳ್ಳುತ್ತಾರೆ. ಅಲ್ಲಿಂದಲೇ ನಾನು ಹಿಂದೂಸ್ತಾನಿ ಕಲಿಯಲು ಬಂದವನು. ದನಿ ದೊಡ್ಡದಿತ್ತು, ಆದರೆ ಒಂದು ರಾತ್ರಿ ಹಾಡಿದರೆ ಮರುದಿನ ಮಾತೇ ಹೊರಡುತ್ತಿರಲಿಲ್ಲ.

ಗುರುಗಳು ಮೊದಲು ನನ್ನ ಷಡ್ಜವನ್ನು, ಅಂದರೆ ಆಧಾರದ ‘ಸ’ವನ್ನು, ಹಾರ್ಮೋನಿಯಂನ ಕಪ್ಪು ಎರಡರಿಂದ (ಎರಡನೇ ಕಪ್ಪು ಮನೆಯಿಂದ) ಕಪ್ಪು ಒಂದಕ್ಕೆ ಇಳಿಸಿದರು. ಗಂಡಸರಿಗೆ ಕಪ್ಪು ಒಂದು, ಹೆಂಗಸರಿಗೆ ಕಪ್ಪು ನಾಲ್ಕು ಅಥವಾ ಐದು ಅನ್ನೋದು ವಾಡಿಕೆ, ಕಾಯಿದೆಯಲ್ಲ. ಮಂದ್ರ ಪಂಚಮ (ಕೆಳಗಿನ ಸಪ್ತಕದ ‘ಪ’) ಸ್ಪಷ್ಟವಾಗಿ ಕೇಳಬೇಕು, ತಾರ ಗಾಂಧಾರ (ಮೇಲಿನ ಸಪ್ತಕದ ‘ಗ’) ಮುಟ್ಟುವಾಗ ಗದ್ದ ಮೇಲೇಳಬಾರದು. ಶ್ರುತಿ ಆರಿಸುವಾಗ ನಾನು ನೋಡುವುದು ಇವೆರಡನ್ನೇ.

ಬೆಳಗಿನ ಜಾವ ಖರಜ್ ಸಾಧನೆ, ಅಂದರೆ ಕೆಳಗಿನ ಸ್ವರಗಳ ಅಭ್ಯಾಸ. ತಂಬೂರಿ ಹಚ್ಚಿ, ಷಡ್ಜದಿಂದ ಒಂದೊಂದೇ ಸ್ವರ ಕೆಳಗಿಳಿಯುವುದು, ಅದೂ ಮೆಲ್ಲಗೆ. ಗಂಟಲು ಒತ್ತಿದರೆ ಸ್ವರ ಇಳಿಯೋದಿಲ್ಲ, ದನಿ ಒರಟಾಗುತ್ತದೆ ಅಷ್ಟೇ.

ನನಗೆ ಹೆಚ್ಚು ಸಮಯ ಹಿಡಿದದ್ದು ಆಕಾರ (ಸ್ವರವನ್ನು ‘ಆ’ ಎಂದು ಹಾಡುವುದು) ಶುರು ಮಾಡುವ ಜಾಗ. ಉಸಿರನ್ನು ಗಂಟಲಲ್ಲಿ ತಡೆದು ಒಮ್ಮೆಗೇ ‘ಆ’ ಅಂದರೆ ಸಣ್ಣದೊಂದು ‘ಟಕ್’ ಕೇಳುತ್ತದೆ. ಸ್ವರತಂತುಗಳು ಬಡಿದುಕೊಂಡ ಸದ್ದು ಅದು. ಅದಕ್ಕೆ ಹೆದರಿ ಉಸಿರು ಜಾಸ್ತಿ ಬಿಟ್ಟರೆ ದನಿಯಲ್ಲಿ ಬರೀ ಗಾಳಿ. ಎರಡರ ನಡುವೆ ನಿಲ್ಲಬೇಕು. ಮೊದಲು ಹಗುರವಾಗಿ ‘ಹಾ’ ಎಂದು ಹಿಡಿದೆ. ಆಮೇಲೆ ಆ ‘ಹ’ಕಾರವನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾ, ಕೊನೆಗೆ ಅದು ಮನಸ್ಸಲ್ಲಷ್ಟೇ ಉಳಿಯುವ ಹಾಗೆ ಮಾಡಿದೆ. ಬಾಯಿ ಮುಂದೆ ಅಂಗೈ ಹಿಡಿದರೆ ಗಾಳಿ ಎಷ್ಟು ಸೋರುತ್ತಿದೆ ಎಂದು ತಕ್ಷಣ ತಿಳಿಯುತ್ತದೆ.

‘ನಾಭಿಯಿಂದ ಹಾಡು’ ಅಂತಾರಲ್ವಾ, ಆ ಮಾತು ಹೊಸಬರನ್ನು ದಾರಿ ತಪ್ಪಿಸುತ್ತದೆ ಅಂತ ನನ್ನ ಅನಿಸಿಕೆ. ಹೊಟ್ಟೆ ಬಿಗಿ ಹಿಡಿದು ಕೂರುತ್ತಾರೆ. ದನಿ ಹುಟ್ಟುವುದು ಗಂಟಲಲ್ಲೇ. ಹೊಟ್ಟೆ, ಪಕ್ಕೆಲುಬು ಉಸಿರನ್ನು ಅಳತೆಯಾಗಿ ಬಿಡಬೇಕು, ಅಷ್ಟೇ. ಎದೆ ಬಿರಿಯುವಷ್ಟು ಉಸಿರು ತುಂಬುವ ಅಗತ್ಯವೂ ಇಲ್ಲ.

ಕಪ್ಪು ಒಂದರ ಮಧ್ಯ ಷಡ್ಜದಲ್ಲಿ ಸ್ವರತಂತುಗಳು ಸೆಕೆಂಡಿಗೆ ಸುಮಾರು 138 ಸಲ ಕಂಪಿಸುತ್ತವೆ, ತಾರ ಷಡ್ಜದಲ್ಲಿ, ಅಂದರೆ ಮೇಲಿನ ‘ಸ’ದಲ್ಲಿ, 277 ಸಲ. ಅಷ್ಟು ವೇಗದಲ್ಲಿ ಜೋರು ಮಾಡಿದರೆ ಪೆಟ್ಟೂ ಜಾಸ್ತಿ. ಹಾಗಾಗಿ ಮೇಲೆ ಹೋದಂತೆ ನಾನು ದನಿ ಕಡಿಮೆ ಮಾಡಿಯೇ ಕಲಿತೆ. ಪಲ್ಟಾಗಳನ್ನು (ಅಭ್ಯಾಸದ ಸ್ವರ ವರಸೆಗಳನ್ನು) ಸ್ಟ್ರಾದೊಳಗೆ ಊದಿ ಹಾಡುವುದು ಇದಕ್ಕೆ ಬಹಳ ಸಹಾಯ ಮಾಡಿತು. ಬಾಯಿ ಕಿರಿದಾದಾಗ ಗಾಳಿಯ ಒತ್ತಡ ಸ್ವಲ್ಪ ಹಿಂದಕ್ಕೆ ಬರುತ್ತದೆ, ತಂತುಗಳು ಹಗುರವಾಗಿ ಕೂಡುತ್ತವೆ. ಎಳನೀರಿನ ಸ್ಟ್ರಾ ಹಿಡಿದು ಭೂಪ್ ರಾಗ ಹಾಡುವುದನ್ನು ನೋಡಿ ಗುರುಗಳು ನಕ್ಕರು, ಆದರೆ ಬೇಡ ಅನ್ನಲಿಲ್ಲ.

ಇನ್ನು ಹಾಡದೇ ಇರುವ ಹೊತ್ತು. ನನ್ನ ಕೆಲಸ ಗಂಜ್‌ನಲ್ಲಿ, ಅಂದರೆ ಕೃಷಿ ಮಾರುಕಟ್ಟೆಯಲ್ಲಿ. ಹತ್ತಿಯ ಧೂಳು, ಲಾರಿಗಳ ಸದ್ದು, ಅದರ ಮೇಲೆ ಮಾತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ಈಗ ದೂರದಿಂದ ಕರೆಯುವುದು ಬಿಟ್ಟಿದ್ದೇನೆ, ಎದ್ದು ಹತ್ತಿರ ಹೋಗಿ ಮಾತಾಡುತ್ತೇನೆ. ಕುಡಿದ ನೀರು ನೇರವಾಗಿ ಸ್ವರತಂತುವಿಗೆ ತಾಗುವುದಿಲ್ಲ, ಅದು ಅನ್ನನಾಳದ ದಾರಿ ಹಿಡಿಯುತ್ತದೆ. ಹಾಗಾಗಿ ಹಾಡುವ ಮುಂಚೆ ಗಟಗಟ ಕುಡಿದರೆ ಉಪಯೋಗವಿಲ್ಲ, ದಿನವಿಡೀ ಗುಟುಕು ಗುಟುಕಾಗಿ ಕುಡಿಯಬೇಕು. ಗಂಟಲು ಕೆರೆದರೆ ಕ್ಯಾಕರಿಸದೆ ಉಗುಳು ನುಂಗುತ್ತೇನೆ. ದನಿ ಕೂತಾಗ ಪಿಸುಮಾತು ಆಡುವುದು ವಿಶ್ರಾಂತಿಯಲ್ಲ, ಸುಮ್ನೆ ಇರುವುದೇ ವಿಶ್ರಾಂತಿ. ಮೂರು ವಾರವಾದರೂ ದನಿ ಸರಿಯಾಗದಿದ್ದರೆ ಜೇನು-ಶುಂಠಿ ಬಿಟ್ಟು ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ.

ಕಾರ್ಯಕ್ರಮದ ದಿನ ಇನ್ನೊಂದು ತೊಡಕು. ನಮ್ಮೂರಿನ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರದಂಥ ದೊಡ್ಡ ಜಾಗದಲ್ಲಿ ನಮ್ಮ ದನಿ ನಮಗೇ ಕೇಳದಿದ್ದರೆ ತಾನಾಗಿಯೇ ಒತ್ತಿ ಹಾಡುತ್ತೇವೆ. ಅದಕ್ಕೇ ಸೌಂಡ್ ಹುಡುಗರಿಗೆ ಮೊದಲೇ ಹೇಳಿಬಿಡುತ್ತೇನೆ: ಮಾನಿಟರ್‌ನಲ್ಲಿ (ಹಾಡುವವರ ಕಡೆ ತಿರುಗಿಸಿಟ್ಟ ಸ್ಪೀಕರ್‌ನಲ್ಲಿ) ತಂಬೂರಿ, ನನ್ನ ದನಿ ಎರಡೂ ಬೇಕು, ತಬಲಾ ಸ್ವಲ್ಪ ಕಡಿಮೆ ಇಡಿ.