ಬಿಲ್ಲಿನ ಲಿಂಕಿನಲ್ಲಿ ‘ಮಗ್ಗ’

“ಸರ್, ಗಿರಾಕಿ ಮೊಬೈಲ್‌ನ್ಯಾಗ ಬಿಲ್ಲಿನ ಲಿಂಕ್ ತೆರೀವಲ್ದ್ರೀ.” ದೀಪಾವಳಿಗೆ ಇನ್ನೊಂದು ವಾರವಿತ್ತು. ಫೋನು ಇಳಕಲ್ಲಿನ ಸೀರೆ ಅಂಗಡಿಯ ಸಾಹುಕಾರರದು. ಬಾಗಲಕೋಟೆಯ ನವನಗರದಲ್ಲಿ ಕೂತು ಜಾಂಗೋ ಎಂಬ ವೆಬ್ ಫ್ರೇಮ್‌ವರ್ಕಿನಲ್ಲಿ ಕಟ್ಟಿದ ಅವರ ಸೈಟು ನೋಡಿಕೊಳ್ಳುವವನು ನಾನು. ಲಿಂಕಿನ ಫೋಟೊ ಕಳಿಸಿ ಅಂದೆ. ಅಂಗಡಿಯ ಡೊಮೇನ್ ಇರಬೇಕಾದಲ್ಲಿ ಬರೀ ‘ಮಗ್ಗ’ ಅಂತಿತ್ತು. ಅದರ ಮುಂದೆ ಸುರಕ್ಷಿತವಾದ ಎಚ್‌ಟಿಟಿಪಿಎಸ್ ಕೂಡ ಇಲ್ಲ, ಬರೀ ಎಚ್‌ಟಿಟಿಪಿ. “ಮಗ್ಗ ಅಂತ ಐತಿ, ನಮ್ದ ಇರಬೇಕು ಅನ್ಕೊಂಡೆ” ಅಂದರು ಸಾಹುಕಾರರು.

ಮಗ್ಗ ನಾನೇ ಇಟ್ಟ ಹೆಸರು. ಹಬ್ಬದ ಗದ್ದಲಕ್ಕೆಂದು ಹಿಂದಿನ ದಿನವಷ್ಟೇ ಒಂದು ಸರ್ವರ್ ಇದ್ದಲ್ಲಿ ಎರಡು ಮಾಡಿ, ಮುಂದೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರನ್ನು ಬಂದ ರಿಕ್ವೆಸ್ಟುಗಳನ್ನು ಎರಡಕ್ಕೂ ಹಂಚುವ ಲೋಡ್ ಬ್ಯಾಲೆನ್ಸರ್ ಆಗಿ ನಿಲ್ಲಿಸಿ, ಹಿಂದಿನ ಆ ಎರಡರ ಗುಂಪಿಗೆ (ಅಪ್‌ಸ್ಟ್ರೀಮ್) ಮಗ್ಗ ಅಂದಿದ್ದೆ.

ಮೊದಲು ಡೇಟಾಬೇಸಿನ ಸೈಟ್ಸ್ ಟೇಬಲಿನಲ್ಲಿ ಡೊಮೇನ್ ತಿದ್ದುತ್ತ ಅರ್ಧ ತಾಸು ಹಾಳು ಮಾಡಿದೆ. ನಮ್ಮ ಬಿಲ್ಲಿನ ಕೋಡು ಆ ಟೇಬಲನ್ನು ನೋಡುವುದೇ ಇಲ್ಲ. ಬಂದ ರಿಕ್ವೆಸ್ಟಿನಲ್ಲಿ ಯಾವ ಡೊಮೇನ್ ಕೇಳಿದ್ದು ಎಂದು ಹೇಳುವ ಸಾಲು, ಅಂದರೆ ಹೋಸ್ಟ್ ಹೆಡರ್, ನೋಡಿ ಲಿಂಕು ಕಟ್ಟುತ್ತದೆ. ನಾವಾಗಿ ಹೇಳದಿದ್ದರೆ ಎಂಜಿನ್‌ಎಕ್ಸ್ ಗಿರಾಕಿ ಕೇಳಿದ ಹೆಸರನ್ನು ಹಿಂದಕ್ಕೆ ದಾಟಿಸುವುದಿಲ್ಲ, ರಿಕ್ವೆಸ್ಟನ್ನು ಎಲ್ಲಿಗೆ ಕಳಿಸಬೇಕೆಂದು ‘ಪ್ರಾಕ್ಸಿ ಪಾಸ್’ ಸಾಲಿನಲ್ಲಿ ಬರೆದ ಹೆಸರನ್ನೇ, ಇಲ್ಲಿ ಮಗ್ಗವನ್ನೇ, ಹಾಕುತ್ತದೆ. ಗೊತ್ತಿಲ್ಲದ ಹೆಸರು ಬಂದರೆ ಜಾಂಗೋ 400 (ತಪ್ಪು ರಿಕ್ವೆಸ್ಟ್) ಎಂದು ತಳ್ಳಿಬಿಡಬೇಕಿತ್ತು. ಆದರೆ ಒಪ್ಪಬೇಕಾದ ಹೆಸರುಗಳ ಪಟ್ಟಿಯಾದ ‘ಅಲೋಡ್ ಹೋಸ್ಟ್ಸ್’ನಲ್ಲಿ ಎಂದೋ ಸೋಮಾರಿತನಕ್ಕೆ ನಕ್ಷತ್ರ ಚಿಹ್ನೆ ಹಾಕಿಟ್ಟಿದ್ದೆ. ಎಲ್ಲ ಹೆಸರೂ ಒಳಗೆ.

ಎಂಜಿನ್‌ಎಕ್ಸ್‌ನಲ್ಲಿ ಹೋಸ್ಟ್ ಹೆಡರಿಗೆ ಗಿರಾಕಿ ಕೇಳಿದ ಹೆಸರನ್ನೇ ಕೊಟ್ಟೆ. ಡೊಮೇನ್ ಸರಿಹೋಯಿತು, ಎಚ್‌ಟಿಟಿಪಿ ಹಾಗೇ ಉಳಿಯಿತು. ಅವಸರದಲ್ಲಿ ಜಾಂಗೋದಲ್ಲಿ, ಎಚ್‌ಟಿಟಿಪಿಯಲ್ಲಿ ಬಂದವರನ್ನು ಎಚ್‌ಟಿಟಿಪಿಎಸ್‌ಗೆ ಕಳಿಸುವ ಎಸ್‌ಎಸ್‌ಎಲ್ ರೀಡೈರೆಕ್ಟ್ ಹಚ್ಚಿದ್ದೇ ತಡ, ಇಡೀ ಸೈಟು ಗಾಣದೆತ್ತಿನ ಹಾಗೆ ಸುತ್ತತೊಡಗಿತು. ಎಚ್‌ಟಿಟಿಪಿಎಸ್ ಲೋಡ್ ಬ್ಯಾಲೆನ್ಸರಿನಲ್ಲೇ ಮುಗಿಯುತ್ತದೆ. ಹಿಂದಿನ ಸರ್ವರಿಗೆ ಕಾಣುವುದು ಸದಾ ಎಚ್‌ಟಿಟಿಪಿ, ಅದು ಸದಾ ವಾಪಸ್ ಕಳಿಸುತ್ತದೆ. ಎಂಜಿನ್‌ಎಕ್ಸ್‌ನಲ್ಲಿ, ಗಿರಾಕಿ ಬಂದದ್ದು ಎಚ್‌ಟಿಟಿಪಿಯಲ್ಲೋ ಎಚ್‌ಟಿಟಿಪಿಎಸ್‌ನಲ್ಲೋ ಎಂದು ತಿಳಿಸುವ ‘ಎಕ್ಸ್-ಫಾರ್ವರ್ಡೆಡ್-ಪ್ರೋಟೋ’ ಹೆಡರ್, ಜಾಂಗೋದಲ್ಲಿ ಅದನ್ನು ಓದುವ ‘ಸೆಕ್ಯೂರ್ ಪ್ರಾಕ್ಸಿ ಎಸ್‌ಎಸ್‌ಎಲ್ ಹೆಡರ್’ ಹಾಕಿದ ಮೇಲೆ ಸುತ್ತು ನಿಂತಿತು. ನನ್ನ ಬ್ರೌಸರಿನಲ್ಲಿ ಮಾತ್ರ ನಿಲ್ಲಲಿಲ್ಲ, ಅದು ಹಳೆಯ 301 (ಕಾಯಂ ರೀಡೈರೆಕ್ಟ್) ಅನ್ನು ನೆನಪಿಟ್ಟುಕೊಂಡಿತ್ತು. ಕಮಾಂಡ್ ಬರೆದು ಸೈಟು ಕೇಳುವ ಕರ್ಲ್‌ನಲ್ಲಿ, ಎಲ್ಲಿಗೆ ಕಳಿಸುತ್ತಿದೆ ಎಂದು ಹೇಳುವ ಲೊಕೇಶನ್ ಹೆಡರ್ ನೋಡಿಯೇ ನಂಬಿದ್ದು.

‘ಎಕ್ಸ್-ಫಾರ್ವರ್ಡೆಡ್-ಪ್ರೋಟೋ’ ಹೆಡರನ್ನು ಯಾರು ಬೇಕಾದರೂ ಬರೆದು ಕಳಿಸಬಹುದು. ಅದಕ್ಕೆ ಹಿಂದಿನ ಸರ್ವರುಗಳ 8000 ಪೋರ್ಟನ್ನು ಲೋಡ್ ಬ್ಯಾಲೆನ್ಸರಿಗೆ ಮಾತ್ರ ತೆರೆದಿಟ್ಟೆ, ನಕ್ಷತ್ರ ಅಳಿಸಿ ಅಂಗಡಿಯ ಡೊಮೇನ್ ಒಂದನ್ನೇ ಬರೆದೆ. ಮೇಲ್‌ನಲ್ಲಿ ಹೋಗುವ ಲಿಂಕುಗಳಿಗಂತೂ ರಿಕ್ವೆಸ್ಟಿನ ಹಂಗೇ ಬೇಡವೆಂದು ಸೆಟ್ಟಿಂಗ್ಸ್‌ನಲ್ಲೇ ಪೂರ್ತಿ ವಿಳಾಸ ಇಟ್ಟಿದ್ದೇನೆ.

‘ಮಗ್ಗ’ದ ಹೆಸರಲ್ಲಿ ಆಗಲೇ ಹೋಗಿದ್ದ ಮೇಲ್‌ಗಳನ್ನು ತಿದ್ದಲು ದಾರಿಯಿರಲಿಲ್ಲ. ಸಂಜೆ ಕೂತು ಅಷ್ಟೂ ಬಿಲ್ಲು ಮತ್ತೆ ಕಳಿಸಿದೆ.